ದನ, ಧನ ಮತ್ತು ಕೆಂಪು ಪೆನ್ನು

ನಮ್ಮ ಮನೆಮಾತು ತಮಿಳು, ಊರು ಕೆ.ಜಿ.ಎಫ್. ಕನ್ನಡ ಮಾತಾಡೋದನ್ನ ಬೀದಿಯಲ್ಲೇ ಕಲಿತೆ. ಬರೆಯೋದು ಮಾತ್ರ ಅರ್ಧಕ್ಕೇ ನಿಂತಿತ್ತು. ಅಕ್ಷರ ಗೊತ್ತು, ಬಸ್ಸಿನ ಬೋರ್ಡು ಓದ್ತೀನಿ, ಇನ್ನೇನು ಬೇಕು ಅನ್ನೋ ಧೈರ್ಯ.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಅಪ್ಪನ ಕೆಲಸ ಹೋಯ್ತು. ಆಮೇಲೆ ಒಂದು ಕಚೇರಿಗೆ ಅರ್ಜಿ ಬರೆದುಕೊಟ್ಟವನು ನಾನೇ: "ಪರಿಹಾರ ದನ ಕೊಡಿಸಬೇಕಾಗಿ ವಿನಂತಿ." ಗುಮಾಸ್ತರು ಓದಿ, "ಹಸು ಬೇಕೋ, ಎಮ್ಮೆ ಬೇಕೋ?" ಅಂದರು. ಅಲ್ಲಿದ್ದವರೆಲ್ಲ ನಕ್ಕರು. ಯಾಕೆಂದು ತಿಳಿಯದೆ ಅಪ್ಪನೂ ನಕ್ಕರು. ಅಪ್ಪನ ಆ ನಗು ಇವತ್ತಿಗೂ ಚುಚ್ಚುತ್ತೆ.

ತಮಿಳಿನಲ್ಲಿ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರ. ನನ್ನ ಕಿವಿಗೆ ದನವೂ ಒಂದೇ, ಧನವೂ ಒಂದೇ. ಕಿವಿ ನಂಬಿದರೆ ಆಗಲ್ಲ, ಕಣ್ಣಿಗೂ ಕೈಗೂ ಕಲಿಸಬೇಕು ಅಂತ ಆಗ ಹೊಳೆಯಿತು.

ದಿನಾ ಕೆಲಸಕ್ಕೆ ಹೋಗುವಾಗ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಪೇಪರಿನ ನಾಲ್ಕು ಸಾಲು ಓದುತ್ತಿದ್ದೆ. ಪೇಪರ್ ಮಡಚಿಟ್ಟು ಅದನ್ನೇ ನೆನಪಿನಿಂದ ಬರೆಯುತ್ತಿದ್ದೆ. ಬಂಗಾರಪೇಟೆ ಬರೋದರೊಳಗೆ ಪೇಪರ್ ಬಿಚ್ಚಿ ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳುತ್ತಿದ್ದೆ. ಮೊದಲ ವಾರ ಪುಟವೆಲ್ಲ ಕೆಂಪು. "ಊರ ಮದ್ಯದಲ್ಲಿ" ಅಂತ ಬರೆದು ಇಡೀ ಊರಿಗೇ ಕುಡಿಸಿದ್ದೆ! ಬರೆಯುವಾಗ "ಐತೆ" ಹೋಗಿ "ಇದೆ" ಬರೋಕೆ ತಿಂಗಳುಗಳೇ ಬೇಕಾದವು.

ಎರಡನೇ ಅರ್ಜಿ ಬರೆಯುವ ದಿನ ಬಂತು. ಬೇರೆ ಯಾರ ಹತ್ತಿರವಾದರೂ ಬರೆಸಿ ಅಂದೆ. ಅಪ್ಪ ಒಪ್ಪಲಿಲ್ಲ, ಕಾಗದ ನನ್ನ ಮುಂದೆಯೇ ಇಟ್ಟರು. ಈ ಸಲ ಯಾರೂ ನಗಲಿಲ್ಲ.

ಇಲ್ಲೂ ತಪ್ಪು ಕಂಡರೆ ಮುಲಾಜಿಲ್ಲದೆ ಹೇಳಿ. ಕೆಂಪು ಪೆನ್ನು ಇನ್ನೂ ಜೇಬಿನಲ್ಲೇ ಇದೆ.