‘ಅವಸರ’ದ ದಾರಿಯಲ್ಲಿ

ನವದೆಹಲಿ,
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ತ್ರಿಶೂರಿನಲ್ಲಿ ಹತ್ತಿದ ಕೇರಳ ಎಕ್ಸ್‌ಪ್ರೆಸ್ ಇವತ್ತು ದೆಹಲಿ ಮುಟ್ಟಿತು. ಮನೆಯಿಂದ ಹೊರಡುವಾಗ ನೀನು ಬಾಗಿಲಲ್ಲಿ ನಿಂತು, “ಅವಸರ ಮಾಡ್ಬೇಡ, ನೋಡ್ಕೊಂಡು ಹತ್ತು, ಇಳಿ” ಅಂದಿದ್ದೆಯಲ್ಲ? ಈ ರೈಲು ಕರ್ನಾಟಕವನ್ನು ಮುಟ್ಟುವುದೇ ಇಲ್ಲ. ಆದರೂ ನಿನ್ನ ಆ ‘ಅವಸರ’ ದಾರಿಯುದ್ದಕ್ಕೂ ಕಿವಿಗೆ ಬೀಳುತ್ತಲೇ ಇತ್ತು, ಒಂದೊಂದು ಸೀಮೆಯಲ್ಲಿ ಒಂದೊಂದು ಅರ್ಥದಲ್ಲಿ.

ಎದುರು ಸೀಟಿನ ಮಲಯಾಳಿ ಹುಡುಗಿ ಫೋನಿನಲ್ಲಿ “ಒರು ಅವಸರಂ ಕಿಟ್ಟಿ” ಎಂದು ಸಂಭ್ರಮಪಟ್ಟಳು. ಅವಸರ ಬಂದರೆ ಯಾಕಿಷ್ಟು ಖುಷಿ ಎಂದು ಕೇಳಿಯೇಬಿಟ್ಟೆ. ಅವಳಿಗೆ ಕೆಲಸದ ಅವಕಾಶ ಸಿಕ್ಕಿತ್ತು.

ರಾತ್ರಿ ಕೊಯಮತ್ತೂರಿನಲ್ಲಿ ನೀರು ತರಲು ಓಡುತ್ತಿದ್ದ ಮೊಮ್ಮಗನಿಗೆ ಒಬ್ಬ ಅಜ್ಜ “ಅವಸರಪ್ಪಡಾದೇ” ಎಂದರು. ಅದು ನಿನ್ನದೇ ಮಾತು! ತಮಿಳಿನಲ್ಲೂ ಅವಸರವೆಂದರೆ ಆತುರ, ತುರ್ತು. 1975ರ ತುರ್ತು ಪರಿಸ್ಥಿತಿಗೂ ಅವರು ‘ಅವಸರನಿಲೈ’ ಎನ್ನುತ್ತಾರೆ.

ತಿರುಪತಿ ದಾಟಿದ ಮೇಲೆ ಪಕ್ಕದ ತೆಲುಗು ಅಜ್ಜಿಗೆ ನಮ್ಮ ಚಪಾತಿ ಕೊಡಹೋದೆ. “ಅವಸರಂ ಲೇದಮ್ಮಾ” ಅಂದರು. ಆಮೇಲೆ ತಿನ್ನುತ್ತಾರೆಂದು ಅರ್ಧ ಗಂಟೆ ಬಿಟ್ಟು ಮತ್ತೆ ನೀಡಿದೆ. ಅವರು ಹೇಳಿದ್ದು ‘ಬೇಕಿಲ್ಲ’ ಎಂದು! ತೆಲುಗಿನಲ್ಲಿ ಅವಸರಂ ಎಂದರೆ ಅಗತ್ಯ. ನಾವು ‘ನನಗೆ ಅವಸರ’ ಅನ್ನುತ್ತೇವೆ, ಅವರು ‘ನಾಕು ಅವಸರಂ’ ಅನ್ನುತ್ತಾರೆ. ಎರಡರಲ್ಲೂ ಚತುರ್ಥಿ ವಿಭಕ್ತಿ, ಎರಡರಲ್ಲೂ ಕ್ರಿಯಾಪದವಿಲ್ಲ. ವಾಕ್ಯದ ಕಟ್ಟು ಒಂದೇ, ಆದರೆ ಅರ್ಥ ಬೇರೆ.

ಭೋಪಾಲದಲ್ಲಿ ಕೊಂಡ ಹಿಂದಿ ಪತ್ರಿಕೆಯಲ್ಲಿ ‘ರೋಜ್‌ಗಾರ್ ಕೇ ಅವಸರ್’ ಎಂದಿತ್ತು. ಅಲ್ಲಿ ಮತ್ತೆ ಅದು ಕೇರಳದಂತೆ ಅವಕಾಶ. ನಮಗೆ ನಪುಂಸಕಲಿಂಗವಾದ ಪದ ಹಿಂದಿಯಲ್ಲಿ ಪುಲ್ಲಿಂಗ, ಹಾಗಾಗಿ ಅವಸರ್ ‘ಮಿಲಾ’ ಅನ್ನಬೇಕು, ‘ಮಿಲೀ’ ಅಲ್ಲ. ನಾವು ಅವಕಾಶವಾದಿ ಎನ್ನುವವನನ್ನು ಅವರು ‘ಅವಸರವಾದಿ’ ಎನ್ನುತ್ತಾರೆ.

ತವರಾದ ಸಂಸ್ಕೃತದಲ್ಲೂ ಇದು ಪುಲ್ಲಿಂಗವೇ. ಅರ್ಥ ಸಂದರ್ಭ, ತಕ್ಕ ಸಮಯ. ನನಗೆ ತೋಚಿದ್ದಿಷ್ಟು: ತಕ್ಕ ಸಮಯ ಒದಗಿದರೆ ಅವಕಾಶ, ಅದು ಕೈಜಾರೀತು ಎಂದರೆ ಆತುರ, ಅದಿಲ್ಲದೆ ಆಗದು ಎಂದರೆ ಅಗತ್ಯ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆ ಸೇರಿ ಆಯಾ ಮನೆಯ ರೀತಿ ಕಲಿತಂತೆ. ಯಾರದೂ ತಪ್ಪು ಬಳಕೆಯಲ್ಲ. ಪಕ್ಕದ ಭಾಷೆಯಲ್ಲಿ ನಮ್ಮ ಪದ ಕೇಳಿಸಿದಾಗ ಅರ್ಥ ಗೊತ್ತೆಂದುಕೊಳ್ಳದೆ ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು.

ಮುಂದಿನ ತಿಂಗಳು ನೀನೂ ಅಪ್ಪನೂ ತಿರುಪತಿಗೆ ಹೋಗುತ್ತೀರಲ್ಲ, ಅಲ್ಲಿ ಯಾರಾದರೂ “ಅವಸರಂ ಲೇದು” ಅಂದರೆ ಕಾಯುತ್ತಾ ಕೂರಬೇಡಿ. ಅವರಿಗೆ ಬೇಡ ಎಂದು ಅರ್ಥ.

ಇಂತಿ ನಿನ್ನ ಪ್ರೀತಿಯ
ಮಗಳು