ಜಾಗ ಬಲ್ಲ ಆಟಗಳು

2025ರಲ್ಲಿ ಬಂದ ವಿಡಿಯೋ ಗೇಮುಗಳಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂದು ಕೇಳಿದರೆ ನಾನು ಹೇಳುವ ಹೆಸರು ‘ಡೆಸ್ಪೆಲೋಟೆ’. ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. ಎರಡು ತಾಸಿನಲ್ಲಿ ಮುಗಿದುಹೋಗುವ ಸಣ್ಣ ಆಟ. ಯಾರನ್ನೂ ಕೊಲ್ಲಲಿಕ್ಕಿಲ್ಲ, ಅಂಕ ಗಳಿಸಲಿಕ್ಕಿಲ್ಲ. ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದ ರಾಜಧಾನಿ ಕೀಟೋದಲ್ಲಿ ಹುಲಿಯಾನ್ ಎಂಬ ಎಂಟು ವರ್ಷದ ಹುಡುಗನಾಗಿ ಒಂದು ಚೆಂಡನ್ನು ಒದೆಯುತ್ತಾ ಪಾರ್ಕಿನಲ್ಲಿ ಅಲೆಯುವುದೇ ಅದರಲ್ಲಿರುವ ಕೆಲಸ.

ಕಾಲ 2001. ಇಕ್ವೆಡಾರ್ ಅದುವರೆಗೆ ಒಮ್ಮೆಯೂ ಫುಟ್‌ಬಾಲ್ ವಿಶ್ವಕಪ್ಪಿಗೆ ಹೋದದ್ದಿಲ್ಲ, ಈ ಸಲ ಅರ್ಹತೆ ಸಿಗುವ ಹಾಗೆ ಕಾಣುತ್ತಿದೆ. ಎರಡು ವರ್ಷ ಹಿಂದೆ ಬ್ಯಾಂಕುಗಳು ಮುಳುಗಿವೆ, ದೇಶ ತನ್ನ ನಾಣ್ಯವನ್ನೇ ಬಿಟ್ಟು ಡಾಲರ್ ಬಳಸಲು ತೊಡಗಿದೆ, ದೊಡ್ಡವರ ಮಾತಿನಲ್ಲೆಲ್ಲ ದುಡ್ಡಿನ ಚಿಂತೆ. ಆದರೆ ಮ್ಯಾಚಿನ ದಿನ ಅಂಗಡಿಯ ಟಿ.ವಿ. ಮುಂದೆ ಎಲ್ಲರೂ ನಿಂತಿರುತ್ತಾರೆ. ಹುಡುಗನಿಗೆ ಅದರಲ್ಲಿ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಅಮ್ಮ ಇಷ್ಟು ಗಂಟೆಗೆ ಮನೆಗೆ ಬಾ ಎಂದು ಹೇಳಿ ಕಳಿಸಿರುತ್ತಾಳೆ; ಕೈಗಡಿಯಾರ ನೋಡಿಕೊಳ್ಳಬೇಕು. ಚೆಂಡು ಯಾರದ್ದೋ ಕಾಲಿಗೆ ತಾಗುತ್ತದೆ, ಬೈಗುಳ ಬರುತ್ತದೆ, ಇನ್ನೊಬ್ಬರು ನಗುತ್ತಾ ಅದನ್ನು ಮರಳಿ ಒದೆಯುತ್ತಾರೆ. ಬೆಂಚಿನಲ್ಲಿ ಕೂತ ಇಬ್ಬರ ಮಾತು ಹಾದುಹೋಗುವಾಗ ಅರೆಬರೆ ಕಿವಿಗೆ ಬೀಳುತ್ತದೆ. ಇಷ್ಟೇ. 2001ರ ನವೆಂಬರ್ 7ರಂದು ಉರುಗ್ವೆ ಎದುರು ಒಂದೊಂದು ಗೋಲಿನ ಸಮಬಲದಲ್ಲಿ ಇಕ್ವೆಡಾರ್ ಅರ್ಹತೆ ಪಡೆದದ್ದು ಚರಿತ್ರೆ. ಆ ದೇಶದ ಫುಟ್‌ಬಾಲಿನ ಬಗ್ಗೆ ಏನೇನೂ ತಿಳಿಯದ ನಾನು ಆ ಹೊತ್ತಿಗೆ ಕುರ್ಚಿಯಿಂದ ಎದ್ದು ನಿಂತಿದ್ದೆ.

ಇದನ್ನು ಮುಖ್ಯವಾಗಿ ಇಬ್ಬರು, ಹುಲಿಯಾನ್ ಕೊರ್ಡೆರೋ ಮತ್ತು ಸೆಬಾಸ್ಟಿಯನ್ ವಾಲ್ಬುಯೇನಾ, ಸೇರಿ ಮಾಡಿದ್ದಾರೆ. ಹುಡುಗನ ಹೆಸರೂ ಮಾಡಿದವನ ಹೆಸರೂ ಒಂದೇ ಎಂಬುದನ್ನು ಗಮನಿಸಿ. ಪಾರ್ಕು, ಬೀದಿ, ಕಟ್ಟಡಗಳೆಲ್ಲ ನಿಜವಾದ ಕೀಟೋದಿಂದ ತೆಗೆದು ಎರಡೇ ಬಣ್ಣದ ಚುಕ್ಕಿಚುಕ್ಕಿ ಚಿತ್ರವಾಗಿಸಿದವು. ಮನುಷ್ಯರನ್ನು ಮಾತ್ರ ಕೈಯಲ್ಲಿ ಗೆರೆ ಎಳೆದು ಬಿಡಿಸಿದ್ದಾರೆ. ಮಾತೆಲ್ಲ ಆ ಊರಿನ ಸ್ಪ್ಯಾನಿಷ್. ಹೊರಗಿನವರಿಗೆ ತಿಳಿಯಲಿ ಎಂದು ಊರನ್ನು ಎಲ್ಲಿಯೂ ತೆಳು ಮಾಡಿಲ್ಲ. ಅದಕ್ಕೇ ಅದು ಮಂಗಳೂರಿನ ಕಂಕನಾಡಿಯ ನನಗೂ ತಲುಪಿತು.

ನನ್ನ ಅಳತೆಗೋಲು ಇದೊಂದೇ: ಆಟ ತಾನು ನಡೆಯುವ ಜಾಗವನ್ನು ಎಷ್ಟು ಬಲ್ಲದು? ಚಿತ್ರ ಎಷ್ಟು ಸ್ಪಷ್ಟ, ಎಷ್ಟು ಗಂಟೆ ಆಡಬಹುದು, ಎಷ್ಟು ಪ್ರಶಸ್ತಿ ಬಂತು ಎಂಬುದೆಲ್ಲ ಆಮೇಲೆ.

ಎರಡನೆಯ ಸ್ಥಾನ ‘ಬ್ಲೂ ಪ್ರಿನ್ಸ್’ಗೆ. ಇದನ್ನು ನನಗಿಂತ ಹೆಚ್ಚು ಮೆಚ್ಚಿದ್ದು ಅಮ್ಮ. ಕತೆ ಹೀಗಿದೆ: ಸೈಮನ್ ಎಂಬ ಹುಡುಗನಿಗೆ ಅಜ್ಜಮಾವ ತನ್ನ ದೊಡ್ಡ ಬಂಗಲೆಯನ್ನು ಉಯಿಲು ಬರೆದಿಟ್ಟು ತೀರಿಕೊಂಡಿದ್ದಾನೆ. ಬಂಗಲೆಗೆ 45 ಕೋಣೆ. ನಲವತ್ತಾರನೆಯ ಕೋಣೆಯನ್ನು ಕಂಡುಹಿಡಿದರೆ ಮಾತ್ರ ಆಸ್ತಿ ಹುಡುಗನದ್ದು. ಇಷ್ಟು ಕೇಳಿದ್ದೇ ಅಮ್ಮ, “ಇದು ನಮ್ಮ ಅಳಿಯಕಟ್ಟೇ ಅಲ್ವಾ ಮಾರಾಯ!” ಎಂದು ಟಿ.ವಿ. ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಮಾವನ ಆಸ್ತಿ ಅಳಿಯನಿಗೆ ಬರುವುದು ತುಳುನಾಡಿನವರಿಗೆ ವಿವರಿಸಬೇಕಾದ ಸಂಗತಿಯಲ್ಲ. ಬೀಗ ಹಾಕಿದ ಕೋಣೆಗಳಿರುವ ಗುತ್ತಿನ ಮನೆಯೂ ಅಮ್ಮನಿಗೆ ಹೊಸತಲ್ಲ.

ಆ ಮನೆಯ ಗುಣವೇ ಬೇರೆ. ಒಂದು ಬಾಗಿಲಿನ ಮುಂದೆ ನಿಂತರೆ ಮೂರು ಕೋಣೆಗಳ ನಕ್ಷೆ ಎದುರಿಗೆ ಬರುತ್ತದೆ. ಬಾಗಿಲಿನಾಚೆ ಯಾವ ಕೋಣೆ ಇರಬೇಕೆಂದು ನಾವೇ ಆರಿಸಬೇಕು. ದಿನಕ್ಕೆ 50 ಹೆಜ್ಜೆಯಿಂದ ಆರಂಭ. ಹೆಜ್ಜೆ ಮುಗಿದರೆ ದಿನ ಮುಗಿಯಿತು. ಮರುದಿನ ಮನೆ ಖಾಲಿ, ಕೋಣೆಗಳನ್ನು ಮತ್ತೆ ಮೊದಲಿನಿಂದ ಜೋಡಿಸಬೇಕು. ನಿನ್ನೆಯದೆಂದು ಉಳಿಯುವುದು ಹೆಚ್ಚಾಗಿ ನಮ್ಮ ತಲೆಯಲ್ಲಿರುವುದು, ಪುಸ್ತಕದಲ್ಲಿ ಬರೆದುಕೊಂಡದ್ದು. ಅಕ್ಕನ ಮಗಳು ಅದಕ್ಕಾಗಿಯೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾಳೆ. ಅದರಲ್ಲಿ ಕೋಣೆಗಳ ಚೌಕ, ಬಾಣದ ಗುರುತು, ಗೋಡೆಯಲ್ಲಿ ತೂಗುಹಾಕಿದ ಚಿತ್ರಗಳ ಪಟ್ಟಿ, ನಡುವೆ ಅಮ್ಮ ಹೇಳಿದ ಸಂಶಯಗಳು.

ಪಾರ್ಲರ್ ಎಂಬ ಕೋಣೆಯಲ್ಲಿ ನೀಲಿ, ಬಿಳಿ, ಕಪ್ಪು ಬಣ್ಣದ ಮೂರು ಪೆಟ್ಟಿಗೆಗಳಿರುತ್ತವೆ. ಒಂದರಲ್ಲಿ ಮಾತ್ರ ಬಹುಮಾನ. ಪ್ರತಿ ಪೆಟ್ಟಿಗೆಯ ಮೇಲೆ ಒಂದು ಹೇಳಿಕೆ. ಒಂದಾದರೂ ಪೆಟ್ಟಿಗೆ ನಿಜ ಹೇಳುತ್ತದೆ, ಒಂದಾದರೂ ಸುಳ್ಳು ಹೇಳುತ್ತದೆ. ಇಂಗ್ಲಿಷಿನಲ್ಲಿರುವುದನ್ನು ಅಕ್ಕನ ಮಗಳು ಓದಿ ಹೇಳುತ್ತಾಳೆ, ಅಮ್ಮ ಕಣ್ಣು ಮುಚ್ಚಿ ಕೇಳುತ್ತಾರೆ, “ಕಪ್ಪಿನದ್ದು ತೆಗಿ” ಎನ್ನುತ್ತಾರೆ. ಚೆನ್ನೆಮಣೆ ಆಡಿ ಬೆಳೆದವರ ಲೆಕ್ಕ ಅದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಕೈ ಹಾಕುವ ಮೊದಲೇ ಅವರಿಗೆ ಕಾಣುತ್ತದೆ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಹೋಗಲಿಕ್ಕಾಗದೆ ಹೆಂಗಸರು ಎದುರು ಬದುರು ಕೂತು ಆಡುತ್ತಿದ್ದದ್ದು ಇಂಥ ಲೆಕ್ಕವನ್ನೇ. ವಿಡಿಯೋ ಗೇಮೆಂದರೆ ಹುಡುಗರ ಬೆರಳಿನ ಚುರುಕು ಮಾತ್ರ ಎಂದು ನಂಬಿದವರು ಒಂದು ಸಂಜೆ ನಮ್ಮ ಜಗಲಿಗೆ ಬರಬೇಕು. ಟೋಂಡಾ ರಾಸ್ ಎಂಬವರು ಎಂಟು ವರ್ಷ ಹಿಡಿದು ಮಾಡಿದ ಆಟ ಇದು. ಆ ಎಂಟು ವರ್ಷ ಪ್ರತಿ ಕೋಣೆಯ ಮೂಲೆಯಲ್ಲಿ ಕಾಣುತ್ತದೆ.

ಮೂರನೆಯದು ‘ಹಾಲೋ ನೈಟ್: ಸಿಲ್ಕ್‌ಸಾಂಗ್’. 2019ರಲ್ಲಿ ಘೋಷಿಸಿದ್ದು ಬಂದದ್ದು 2025ರ ಸೆಪ್ಟೆಂಬರ್ 4ಕ್ಕೆ. ಆಸ್ಟ್ರೇಲಿಯಾದ ಅಡಿಲೇಡಿನ ಮೂರ್ನಾಲ್ಕು ಜನರ ಕೈಕೆಲಸ. ಬಿಡುಗಡೆಯ ಹೊತ್ತಿಗೆ ಕೊಳ್ಳುವವರ ನೂಕುನುಗ್ಗಲಿಗೆ ಸ್ಟೀಮ್ ಸೇರಿದಂತೆ ಆಟ ಮಾರುವ ದೊಡ್ಡ ದೊಡ್ಡ ಅಂಗಡಿಗಳೇ ಸ್ವಲ್ಪ ಹೊತ್ತು ನಿಂತುಹೋದವು. ಕಷ್ಟದ ಆಟವೆಂದು ಬಹಳ ಜನ ದೂರಿದರು. ಕಷ್ಟ ಹೌದು. ನನ್ನನ್ನು ಹಿಡಿದಿಟ್ಟದ್ದು ಬೇರೆ. ಅಲ್ಲಿರುವುದು ಹುಳುಗಳ ರಾಜ್ಯ, ಎತ್ತರದಲ್ಲೊಂದು ಕ್ಷೇತ್ರ, ಅದಕ್ಕೆ ಹತ್ತುವ ಯಾತ್ರಿಕರು. ಶಿವರಾತ್ರಿಗೆ ಧರ್ಮಸ್ಥಳದ ದಾರಿಯಲ್ಲಿ ನಡೆಯುವವರನ್ನು ನೋಡಿದ ನಮಗೆ ಆ ಸಾಲು ಹೊಸತಲ್ಲ. ಅಲ್ಲಿ ಮಾತ್ರ ಹೆಚ್ಚಿನವರು ದಾರಿಯಲ್ಲೇ ಬಿದ್ದು ಹೋಗುತ್ತಾರೆ. ಆ ರಾಜ್ಯದಲ್ಲಿ ದುಡ್ಡೆಂದರೆ ಜಪಮಾಲೆಯ ಮಣಿ. ದಣಿದು ಬಂದವರು ಬೆಂಚಿನಲ್ಲಿ ಕೂರಬೇಕಾದರೂ ಕೆಲವು ಕಡೆ ಮಣಿ ಕೊಡಬೇಕು! ಸಂಜೆಯಾದರೆ ಮನೆಮನೆಯಿಂದ ತೇರ್ಸಿನ (ಜಪಮಾಲೆ ಪ್ರಾರ್ಥನೆಯ) ಸ್ವರ ಕೇಳುವ ಕಂಕನಾಡಿಯಲ್ಲಿ ಕೂತು ಆ ಮಣಿಗಳನ್ನು ಎಣಿಸುವಾಗ ನಂಬಿಕೆಯನ್ನೂ ನಂಬಿಕೆಯ ವ್ಯಾಪಾರವನ್ನೂ ಬೇರೆ ಮಾಡಿ ನೋಡುವಂತಾಯಿತು. ಮಾತು ಕಡಿಮೆ ಇರುವ ಆಟವೊಂದು ಇಷ್ಟು ಮಾಡಿದ್ದು ದೊಡ್ಡದು.

‘ಸ್ಪ್ಲಿಟ್ ಫಿಕ್ಷನ್’ ನಾಲ್ಕನೆಯದು. ಒಬ್ಬರೇ ಆಡಲು ಬರುವುದೇ ಇಲ್ಲ, ಇಬ್ಬರು ಬೇಕು. ಒಬ್ಬರು ಕೊಂಡರೆ ಸಾಕು, ದೂರದ ಊರಿನಲ್ಲಿರುವ ಜೊತೆಗಾರರು ಬಿಟ್ಟಿ ಆಡಬಹುದು. ಇಬ್ಬರು ಹುಡುಗಿಯರ ಕತೆಗಳನ್ನು ಒಂದು ಪ್ರಕಾಶನ ಸಂಸ್ಥೆ ಯಂತ್ರದಿಂದ ಕದಿಯಲು ಹೊರಟಿರುವುದು ಅದರ ವಸ್ತು. ಬರೆಯುವವರೆಲ್ಲ ಈ ಹೊತ್ತಿಗೆ ಯೋಚಿಸುತ್ತಿರುವ ಸಂಗತಿ ಅದು. ‘ಹೇಡೀಸ್ 2’ ಚೆನ್ನಾಗಿದೆ, ಮೊದಲನೆಯದರಷ್ಟು ಕಾಡಲಿಲ್ಲ, ಆರನೆಯ ಸ್ಥಾನದಲ್ಲಿರಲಿ.

ಐದನೆಯದರ ಬಗ್ಗೆ ಜಗಳ ಬರುವುದು ಖಂಡಿತ. ಫ್ರಾನ್ಸಿನ ಮೊಂಪೆಲಿಯೆಯಿಂದ ಬಂದ ‘ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಡಿಸೆಂಬರಿನ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಸೇರಿ ಒಂಬತ್ತು ಪ್ರಶಸ್ತಿ ಗೆದ್ದಿತು. ಅದನ್ನು ಐದಕ್ಕೆ ಇಳಿಸಿದ್ದು ಯಾಕೆ? ಆರಂಭ ಅದ್ಭುತ. ಪ್ರತಿ ವರ್ಷ ಒಂದು ಸಂಖ್ಯೆ ಬರೆಯಲ್ಪಡುತ್ತದೆ, ಆ ಪ್ರಾಯದವರು ಹೂವಿನ ಎಸಳಾಗಿ ಹಾರಿಹೋಗುತ್ತಾರೆ. ಊರಿನವರೆಲ್ಲ ಬಂದರಿನಲ್ಲಿ ನಿಂತು ಬೀಳ್ಕೊಡುತ್ತಾರೆ. ನಾನು ಆ ಊರಿನಲ್ಲಿ ಇನ್ನಷ್ಟು ದಿನ ಇರಬೇಕೆಂದುಕೊಂಡೆ. ಅಲ್ಲಿಯ ಜನ ಏನು ತಿನ್ನುತ್ತಾರೆ, ಮಕ್ಕಳು ಬೇಕೋ ಬೇಡವೋ ಎಂದು ಹೇಗೆ ಯೋಚಿಸುತ್ತಾರೆ, ಸಾಯುವ ತಾರೀಕು ಗೊತ್ತಿದ್ದೂ ಅಂಗಡಿ ಬಾಗಿಲು ಹೇಗೆ ತೆರೆಯುತ್ತಾರೆ? ಆಟ ಬೇಗನೆ ನಮ್ಮನ್ನು ಹಡಗು ಹತ್ತಿಸಿ ಯುದ್ಧಕ್ಕೆ ಕಳಿಸುತ್ತದೆ. ಸಂಗೀತಕ್ಕೆ ಮಾತ್ರ ಪೂರ್ತಿ ಅಂಕ.

2025ರ ಆಗಸ್ಟಿನಲ್ಲೇ ನಮ್ಮ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ರಮ್ಮಿಗೆ ಸಂಬಳ ಸುರಿದವರ ಸುದ್ದಿ ಕೇಳಿ ಕೇಳಿ ನಮ್ಮಲ್ಲಿ ಗೇಮ್ ಎಂದರೆ ಮನೆ ಮುರಿಯುವ ಕಸುಬು ಎಂಬಂತಾಗಿದೆ. ಕಾಯ್ದೆಯೇ ಹಣದ ಆಟ ಬೇರೆ, ಉಳಿದವು ಬೇರೆ ಎಂದು ವಿಂಗಡಿಸಿದೆ. ತಂದೆತಾಯಿಯರೂ ಆ ವ್ಯತ್ಯಾಸ ನೋಡಬೇಕು.

ನಮ್ಮವರಿಗೆ ಈ ಕೆಲಸ ಬರುವುದಿಲ್ಲವೆಂದಲ್ಲ. ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲೇ ಶುರುವಾಯಿತು; 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ಇಲ್ಲಿಂದ ಒಂದೂವರೆ ಗಂಟೆ ದೂರದ ಉಡುಪಿಯಲ್ಲಿ 2008ರಿಂದ 99ಗೇಮ್ಸ್ ಇದೆ. ಅವರ ‘ಸ್ಟಾರ್ ಶೆಫ್’ ಎಂಬ ಅಡುಗೆ ಆಟವನ್ನು ದೇಶ ವಿದೇಶದ ಜನ ಫೋನಿನಲ್ಲಿ ಆಡಿದ್ದಾರೆ. ಆದರೆ ನಮ್ಮ ಬೀದಿಯೊಂದು ಆಟವಾಗಿ ಬಂದದ್ದನ್ನು ನಾನು ಆಡಿಲ್ಲ. ಟೊರೊಂಟೊದಲ್ಲಿ ಕೂತ ತಮಿಳರು 2023ರಲ್ಲಿ ‘ವೆಣ್ಬಾ’ ಮಾಡಿದರು. ಕೆನಡಾಕ್ಕೆ ಹೋದ ಒಂದು ಕುಟುಂಬ, ಅಮ್ಮನ ಹರಿದ ಅಡುಗೆ ಪುಸ್ತಕ, ಇಡ್ಲಿ ತಟ್ಟೆಗಳನ್ನು ಆವಿ ಹೋಗುವ ಹಾಗೆ ಜೋಡಿಸುವ ಒಂದು ಒಗಟು. ಮರುವರ್ಷ ಅದಕ್ಕೆ ಬಾಫ್ಟಾ ಪ್ರಶಸ್ತಿ ಬಂತು.

ಕಂಕನಾಡಿಯಲ್ಲಿ ಏನಿಲ್ಲ? ಮಾರ್ಕೆಟಿನಲ್ಲಿ ಒಬ್ಬ ತರಕಾರಿಯವ ಒಂದೇ ಉಸಿರಿನಲ್ಲಿ ಒಬ್ಬರೊಡನೆ ಬ್ಯಾರಿ, ಇನ್ನೊಬ್ಬರೊಡನೆ ಕೊಂಕಣಿ, ಮತ್ತೊಬ್ಬರೊಡನೆ ತುಳು ಆಡಿ, ಘಟ್ಟದ ಮೇಲಿನಿಂದ ಫಾದರ್ ಮುಲ್ಲರ್ ಆಸ್ಪತ್ರೆಗೆ ಬಂದವರಿಗೆ ಕನ್ನಡದಲ್ಲಿ ದಾರಿ ಹೇಳುತ್ತಾನೆ. ಆ ಆಸ್ಪತ್ರೆಗೆ 1880ರಿಂದ ಚರಿತ್ರೆ ಇದೆ. ಬಸ್ಸಿನ ಬಾಗಿಲಲ್ಲಿ ನೇತುಬಿದ್ದ ಕಂಡಕ್ಟರ್ “ಜ್ಯೋತಿ, ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್” ಎಂದು ಕೂಗಿ ಸೀಟಿ ಊದುತ್ತಾನೆ. ರೈಲ್ವೆಯವರು ಮಂಗಳೂರು ಜಂಕ್ಷನ್ ಎಂದು ಹೆಸರು ಬದಲಿಸಿದ ಮೇಲೂ ಹಿರಿಯರಿಗೆ ಅದು ಕಂಕನಾಡಿ ಸ್ಟೇಷನ್. ಗರೋಡಿಯಲ್ಲಿ ಕೋಟಿ ಚೆನ್ನಯರಿದ್ದಾರೆ. ಜೂನ್ ಮಳೆಯಲ್ಲಿ ಚೆಂಡೊಂದು ಬೈಪಾಸ್ ರಸ್ತೆಯ ಇಳಿಜಾರಿನಲ್ಲಿ ಉರುಳಿ ಹೋದರೆ ಅದರ ಹಿಂದೆ ಓಡುವ ಹುಡುಗಿಗೆ ಇಷ್ಟೂ ಮಾತು, ಇಷ್ಟೂ ಜನ ಸಿಗುತ್ತಾರೆ.

ಮಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವವರೇ, ನಿಮಗೆ ನನ್ನ ಕೋರಿಕೆ ಇದು. ಗೋಡೋ ಎಂಬ ಗೇಮ್ ಎಂಜಿನ್ ಉಚಿತ. 2023ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಿಂದ ನಮ್ಮ ಲಿಪಿಯ ಒತ್ತಕ್ಷರ ಒಡೆಯದೆ ಪರದೆಯಲ್ಲಿ ಮೂಡುತ್ತದೆ. ಡೆಸ್ಪೆಲೋಟೆಗೆ ಮುಖ್ಯವಾಗಿ ಇಬ್ಬರು ಸಾಕಾದರು, ಸಿಲ್ಕ್‌ಸಾಂಗಿಗೆ ಮೂರ್ನಾಲ್ವರು. ಇಡೀ ಮಂಗಳೂರನ್ನು ಕಟ್ಟಲು ಹೋಗಬೇಡಿ. ಕರಾವಳಿ ಸರ್ಕಲ್ಲಿನಿಂದ ಮಾರ್ಕೆಟಿನವರೆಗಿನ ರಸ್ತೆ ಸಾಕು, ಒಂದು ಮಧ್ಯಾಹ್ನ ಸಾಕು. ಜನರ ಮಾತನ್ನು, ಅವರ ಒಪ್ಪಿಗೆ ಪಡೆದು, ಅವರ ದನಿಯಲ್ಲೇ ದಾಖಲಿಸಿ. ಬ್ಯಾರಿಯನ್ನೂ ಕೊಂಕಣಿಯನ್ನೂ ತುಳುವನ್ನೂ ಹಾಗೇ ಇಟ್ಟು ಕೆಳಗೆ ಕನ್ನಡದ ಸಾಲು ಕೊಡಿ. ಮಾಡಿ ಮುಗಿಸಿದಾಗ ತಿಳಿಸಿ. ಬಿಟ್ಟಿ ಬೇಡ, ಬೆಲೆ ಕೊಟ್ಟೇ ಕೊಳ್ಳುತ್ತೇನೆ.