ಬೆಳ್ಳಕ್ಕಿಯ ಬಿಳುಪು ಮತ್ತು ವ್ಯಾಪಾರಿಯ ತಕ್ಕಡಿ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಶ್ರಾವಕನ ವ್ರತಗಳಿಗೆ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆಯನ್ನು ಸೃಷ್ಟಿಸುವುದು, ಒಂದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ಸಾಗಿಸುವುದು, ಇನ್ನೊಂದು. ಖಾತೆಪುಸ್ತಕ ಮತ್ತು ತಕ್ಕಡಿಗಳ ನಡುವೆ ದಶಕಗಳನ್ನು ಕಳೆದ ನನಗೆ ಇವೆರಡೂ ಅಂಗಡಿಗೆ ಸಂಬಂಧಿಸಿದ ಮಾತುಗಳೆಂದೇ ತೋರುತ್ತಿದ್ದವು. ವ್ಯಾಪಾರವನ್ನು ಮಕ್ಕಳಿಗೊಪ್ಪಿಸಿ ನೀರುಹಕ್ಕಿಗಳ ಛಾಯಾಚಿತ್ರಣದಲ್ಲಿ ತೊಡಗಿದ ಮೇಲೆ, ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಅವು ಅನ್ವಯಿಸುತ್ತವೆಂಬುದು ಮನವರಿಕೆಯಾಯಿತು.

ಚಿತ್ರವನ್ನು ತಿದ್ದುವುದೇ ತಪ್ಪೆಂಬುದು ನನ್ನ ಅಭಿಪ್ರಾಯವಲ್ಲ. ಕ್ಯಾಮೆರಾ ತಾನಾಗಿ ಸತ್ಯವನ್ನು ನುಡಿಯುವುದಿಲ್ಲ. ಅದರ ಬೆಳಕುಮಾಪಕವು ಎದುರಿನ ದೃಶ್ಯ ಸರಾಸರಿಯಲ್ಲಿ ನಡುಬೂದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ರಂಗನತಿಟ್ಟಿನ ಕಪ್ಪು ಬಂಡೆಯ ಮೇಲೆ ನಿಂತ ಬೆಳ್ಳಕ್ಕಿಯ ಚಿತ್ರ ತೆಗೆಯುವಾಗ, ಬಂಡೆಯನ್ನು ಬೂದಾಗಿಸುವ ಯತ್ನದಲ್ಲಿ ಹಕ್ಕಿಯ ಗರಿಗಳೆಲ್ಲ ಕರಗಿ ಬಿಳಿಯ ಕಲೆಯೊಂದೇ ಉಳಿಯಬಹುದು. ಪೂರ್ಣ ಬಿಳಿಚಿದ ಭಾಗದಲ್ಲಿ ಮಾಹಿತಿಯೇ ಇರದ ಕಾರಣ, ಯಾವ ತಂತ್ರಾಂಶವೂ ಆ ಗರಿಯನ್ನು ಮರಳಿ ತಾರದು; ತಂದಂತೆ ತೋರಿದರೆ ಅದು ಕಲ್ಪಿತ ಗರಿ. ಆದುದರಿಂದ ತೆಗೆಯುವಾಗಲೇ ಬೆಳಕನ್ನು ತಗ್ಗಿಸಿ, ಅನಂತರ ನೆರಳಿನ ಭಾಗವನ್ನು ಹದವಾಗಿ ಎತ್ತಬೇಕು. ಇದಕ್ಕೆ ‘ರಾ’ ಕಡತವೇ ಯೋಗ್ಯ. ಸಾಮಾನ್ಯ ‘ಜೆಪೆಗ್’ ಕಡತವು ಪ್ರತಿ ವರ್ಣಕ್ಕೆ 256 ಮಟ್ಟಗಳನ್ನು ಹಿಡಿದರೆ, 14 ಬಿಟ್‌ನ ‘ರಾ’ ಕಡತ 16,384 ಮಟ್ಟಗಳನ್ನು ಹಿಡಿಯಬಲ್ಲದು. ಕಣ್ಣು ಕಂಡ ಬಿಳುಪನ್ನು ಕಾಗದಕ್ಕೆ ತರುವ ಈ ತಿದ್ದುಪಡಿ ತಕ್ಕಡಿಯ ಮುಳ್ಳನ್ನು ನೇರಗೊಳಿಸಿದಂತೆ, ವಂಚನೆಯಲ್ಲ.

ತಿದ್ದುಪಡಿಯು ಅಹಿಂಸೆಗೆ ನೆರವಾಗುವುದೂ ಉಂಟು. ಸಮೀಪಚಿತ್ರದ ಆಸೆಯಿಂದ ಗೂಡಿನ ಬಳಿ ಸಾರಿದರೆ ಹಕ್ಕಿ ಬೆದರಿ ಏಳುತ್ತದೆ. ಮೊಟ್ಟೆ ಬಿಸಿಲಿಗೆ, ಮರಿ ಕಾಗೆಗೆ ಈಡಾಗುತ್ತದೆ. ದೂರದಿಂದಲೇ ತೆಗೆದು, ಅನಂತರ ಅಂಚನ್ನು ಕತ್ತರಿಸಿ ಹಿಗ್ಗಿಸಿದ ಚಿತ್ರ ಕೊಂಚ ಮಸುಕಾದರೂ ನಿರ್ದೋಷವಾದುದು.

ಆದರೆ ಮುಳ್ಳನ್ನು ನೇರಗೊಳಿಸುವುದು ಬೇರೆ, ತಟ್ಟೆಯ ಅಡಿಯಲ್ಲಿ ಮೇಣ ಅಂಟಿಸುವುದು ಬೇರೆ. ಬಣ್ಣದ ಕೊಕ್ಕರೆಯ ನಸುಗುಲಾಬಿ ಗರಿಯನ್ನು ಕಡುಗೆಂಪಾಗಿಸಿದರೆ, ಒಂದು ಹೆಜ್ಜಾರ್ಲೆಯನ್ನು ಮೂರಾಗಿಸಿದರೆ, ನೋಡುವ ಮಕ್ಕಳು ಲೋಕದಲ್ಲಿಲ್ಲದ ಹಕ್ಕಿಯನ್ನು ಕಲಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ಬಸದಿಯೊಂದರ ಆಡಳಿತ ಮಂಡಳಿಯವರು ದಿನದರ್ಶಿಕೆಗಾಗಿ ಪಕ್ಕದ ಕೆರೆಯ ಚಿತ್ರವನ್ನು ಕೇಳಿದರು. ನಾನು ಕೊಟ್ಟ ಚಿತ್ರದಲ್ಲಿ ಬೆಳ್ಳಕ್ಕಿಯ ಕಾಲಬಳಿ ಹೂವು ತಂದ ಪ್ಲಾಸ್ಟಿಕ್ ಚೀಲಗಳು ತೇಲುತ್ತಿದ್ದವು. ಅವನ್ನು ಅಳಿಸಿಕೊಡಬೇಕೆಂಬುದು ಅವರ ಅಪೇಕ್ಷೆ. ಎರಡು ನಿಮಿಷದ ಕೆಲಸ. ನಾನು ಒಪ್ಪಲಿಲ್ಲ. ಕ್ಯಾಮೆರಾದ ಸಂವೇದಕದ ಮೇಲೆ ಕುಳಿತ ಧೂಳು ಕೆರೆಯದಲ್ಲ; ಅದನ್ನು ಅಳಿಸಬಹುದು. ಚೀಲವಾದರೋ ಕೆರೆಯಲ್ಲಿಯೇ ಇದೆ, ಅದನ್ನು ಎಸೆದವರು ನಾವೇ. ಚಿತ್ರದಲ್ಲಿ ಶುದ್ಧವಾದ ಕೆರೆಯನ್ನು ಯಾರು ತಾನೇ ಶುದ್ಧಗೊಳಿಸಲು ಹೊರಡುತ್ತಾರೆ? ಅವರು ಬೇರೊಂದು ಚಿತ್ರವನ್ನು ಮುದ್ರಿಸಿದರು. ಸ್ನೇಹದಲ್ಲಿ ತುಸು ಬಿರುಕೂ ಬಂದಿತು.

ಆದರೂ ನಮ್ಮ ಟ್ರಸ್ಟುಗಳಲ್ಲಿ ನನ್ನ ವಿನಂತಿ ಇಷ್ಟೇ: ಚಿತ್ರವನ್ನು ಮುದ್ರಿಸುವ ಮುನ್ನ, ಅಳಿಸಿದ್ದು ಕ್ಯಾಮೆರಾದ ದೋಷವನ್ನೋ ನಮ್ಮ ದೋಷವನ್ನೋ ಎಂದು ಕೇಳಿಕೊಳ್ಳಿರಿ. ಮೊದಲನೆಯದನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಎರಡನೆಯದಕ್ಕೆ ಕೆರೆಗೇ ಇಳಿಯಬೇಕು.